ಜ್ವರ ಬಾರದ ಅಂಬಿಗ

“ಇದ ಮೇಷ್ಟ್ರು ಬರ್ದಿಲ್ಲ ಕಣಪ್ಪ. ಬೇಕಾದ್ರೆ ದೇವ್ರ ಮುಂದೆ ನಿಂತ್ಕಂಡು ಏಳ್ತೀನಿ.”

ಚಲುವಮ್ಮ ಅಷ್ಟು ಹೇಳಿ, ಸೈಕ್ಲೋಸ್ಟೈಲ್ ಮಾಡಿದ ನಾಲ್ಕು ಹಾಳೆಗಳನ್ನು ಜಗಲಿಯ ಮೇಲಿಟ್ಟು, ಗಾಳಿಗೆ ಹಾರದಂತೆ ಮೇಲೊಂದು ತೆಂಗಿನಕಾಯಿ ಹೇರಿದರು. ಸಬ್ ಇನ್ಸ್‌ಪೆಕ್ಟರ್ ಪುಟ್ಟರಾಜುವಿಗೆ ಆ ಕಾಯಿಯನ್ನು ಎತ್ತಿ ಯಾರ ತಲೆಯ ಮೇಲಾದರೂ ಒಡೆಯಬೇಕು ಎನಿಸಿತು. ಯಾರ ತಲೆ ಎಂಬುದು ಮಾತ್ರ ಹದಿನೇಳು ದಿನವಾದರೂ ಗೊತ್ತಾಗಿರಲಿಲ್ಲ.

ತಿರುನಾರಾಯಣ ಮೇಷ್ಟ್ರು ಮದ್ದೂರು ಸ್ಟೇಷನ್ನಿನಲ್ಲಿ ರೈಲಿಳಿದು ಮಾಯವಾಗಿ ಅಂದಿಗೆ ಹದಿನೇಳು ದಿನ. ಐವತ್ತೆಂಟರ ವಯಸ್ಸು, ಉಬ್ಬಸದ ಎದೆ, ಕೈಯಲ್ಲೊಂದು ಬಟ್ಟೆಯ ಚೀಲ. ಅಷ್ಟು ದೊಡ್ಡ ಮನುಷ್ಯ ಹಾಡುಹಗಲು ಹನ್ನೊಂದು ಗಂಟೆಗೆ ಎಲ್ಲಿಗೆ ಹೋದ?

ಇಷ್ಟೇ ಆಗಿದ್ದರೆ ಬಾವಿ, ಕೆರೆ, ಛತ್ರ ಎಂದು ಹುಡುಕುತ್ತಿದ್ದರು. ಆದರೆ ಮೇಷ್ಟ್ರು ಮಾಯವಾದ ಒಂಬತ್ತನೆಯ ದಿನ, ಮೇಷ್ಟ್ರದೇ ಕತೆ ಅಂಚೆಯಲ್ಲಿ ಹೊರಟು ಎಲ್ಲರ ಮನೆಗೂ ಬಂದುಬಿಟ್ಟಿತ್ತು. ಅಲ್ಲಿಂದ ಶುರುವಾಯಿತು ಪುಟ್ಟರಾಜುವಿನ ಗ್ರಹಚಾರ.

“ಮೇಷ್ಟ್ರದಲ್ಲ ಅಂತ ನಿಮ್ಗೆ ಹೆಂಗೆ ಗೊತ್ತು? ಅಕ್ಷರ ಯಾವತ್ತೂ ಮದ್ದೂರಿನ ಆ ಟೈಪಿಂಗ್ ಹುಡುಗ ಸಂಪತ್ ಕುಮಾರಂದೇ. ಮೇಷ್ಟ್ರು ಬರ್ಕೊಟ್ಟಿದ್ದನ್ನ ಅವನು ಸ್ಟೆನ್ಸಿಲ್ ಮೇಲೆ ಇಳಿಸ್ತಾನೆ, ಅಷ್ಟೇ.”

“ಅಕ್ಸರ ಯಾರು ನೋಡುದ್ರು? ನಂಗೆ ಜ್ವರ ಬಂದಿಲ್ವಲ್ಲ!”

ಪುಟ್ಟರಾಜು ಕಣ್ಣು ಮುಚ್ಚಿ ತೆರೆದ. ಜೀಪು ಯಾವುದೋ ಬಂದೋಬಸ್ತಿಗೆ ಹೋಗಿತ್ತು. ಮದ್ದೂರಿನಿಂದ ಮಳವಳ್ಳಿಗೆ ಒಂದು ಬಸ್ಸು, ಅಲ್ಲಿಂದ ಕಿರುಗಾವಲಿಗೆ ಇನ್ನೊಂದು, ಎರಡರಲ್ಲೂ ನಿಂತೇ ಬಂದಿದ್ದ. ಬಂದದ್ದು ಇದನ್ನು ಕೇಳುವುದಕ್ಕೆ.

“ನಿಧಾನವಾಗಿ ಹೇಳಿ ಅಮ್ಮ. ನಾನು ಈ ಆಟ ಆಡಿದೋನಲ್ಲ.”

ಚಲುವಮ್ಮನಿಗೆ ಐವತ್ತೈದು ವರ್ಷ. ಎರಡು ಜೊತೆ ಎತ್ತು, ಮೂವರು ಸೊಸೆಯರು, ನಾಲ್ಕನೇ ಕ್ಲಾಸಿನವರೆಗೆ ಓದು. ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ದಡ್ಡ ಮೊಮ್ಮಗನಿಗೆ ಮಗ್ಗಿ ಹೇಳಿಕೊಡುವವರಂತೆ ಎದುರು ಕೂತರು.

ಆಟ ಹೀಗೆ. ಸಿರಿಪುರ ಎಂಬುದೊಂದು ರಾಜ್ಯ. ಮೇಷ್ಟ್ರ ತಲೆಯಲ್ಲಿ ಮಾತ್ರ ಇರುವಂಥದ್ದು. ಅದರಲ್ಲಿ ರಾಜ, ರಾಣಿ, ದಂಡನಾಯಕ, ಗೂಢಚಾರ, ಅಂಬಿಗ ಎಂದು ಹನ್ನೊಂದು ಪಾತ್ರ. ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಹನ್ನೊಂದು ಜನ ಒಬ್ಬೊಬ್ಬರೂ ಒಂದೊಂದು ಪಾತ್ರ. ಯಾರು ಯಾವ ಪಾತ್ರ ಎಂದು ಒಬ್ಬರಿಗೊಬ್ಬರಿಗೆ ಗೊತ್ತಿಲ್ಲ. ತಮ್ಮ ಪಾತ್ರ ಮುಂದೇನು ಮಾಡಬೇಕೆಂದು ಹದಿನೈದು ದಿನಕ್ಕೊಮ್ಮೆ ಒಂದು ಪೋಸ್ಟ್‌ಕಾರ್ಡು ಬರೆದು ಹಾಕುತ್ತಾರೆ. ಸೂತ್ರಧಾರರಾದ ಮೇಷ್ಟ್ರು ಆ ಹನ್ನೊಂದು ಕಾರ್ಡನ್ನೂ ಹೆಣೆದು ಒಂದು ಅಧ್ಯಾಯ ಬರೆಯುತ್ತಾರೆ. ಅದು ಎಲ್ಲರ ಮನೆಗೂ ಹೋಗುತ್ತದೆ. ಮೂರು ವರ್ಷದಿಂದ ಇದೇ ನಡೆದಿದೆ.

“ಯಾರಾರು ಕಾರ್ಡ್ ಆಕ್ದೆ ಇದ್ರೆ, ಮೇಷ್ಟ್ರು ಆ ಪಾತ್ರುಕ್ಕೆ ಜ್ವರ ಬರುಸ್ತಾರೆ. ಮಲುಗ್ಸಿ ಬುಡ್ತಾರೆ. ತಾವಾಗಿ ಒಂದೆಜ್ಜೆ ಎತ್ತಿ ಇಡ್ಸಲ್ಲ. ಓದ್ ಸಲ ಸೊಸೆ ಬಾಣಂತನ, ನಾನು ಬರೀಲಿಲ್ಲ. ನನ್ ಅಂಬಿಗುನ್ಗೆ ಜ್ವರ ಬಂತು. ಅರಮನೆಯಿಂದ ರಾಣಿ ಗಂಜಿ ಕಳ್ಸಿದ್ಲು ಕಣಪ್ಪ!” ಚಲುವಮ್ಮನ ಮುಖ ಅರಳಿತು. “ಓದ್ಕಂಡು ಅತ್ತುಬುಟ್ಟೆ. ಈ ಮನೇಲಿ ನಾನು ಮಲಗುದ್ರೆ ಒಂದ್ ಲೋಟ ನೀರು ಕೊಡೋರಿಲ್ಲ.”

“ಈ ಸಲ?”

“ಈ ಸಲವೂವೆ ಬರೀಲಿಲ್ಲ. ನಾಟಿ ಇತ್ತು. ಆದ್ರೆ ನೋಡು, ನನ್ ಅಂಬಿಗ ಎದ್ದು, ದೋಣಿ ಬುಟ್ಕಂಡು, ದಂಡನಾಯಕನ್ನೂ ಮುನ್ನೂರು ಕುದ್ರೆನೂ ಒಳೆ ದಾಟ್ಸವ್ನೆ. ನನ್ನ ಕೇಳ್ದೆಯ! ರಾಜ ಬಂದ್ರೂ ನನ್ನ ಕೇಳ್ದೆ ಆ ಒಳೆ ದಾಟಂಗಿಲ್ಲ ಅಂತ ಮೇಷ್ಟ್ರೇ ಏಳಿದ್ರು.”

ಪುಟ್ಟರಾಜು ನಗಬೇಕೆಂದುಕೊಂಡವನು ನಗಲಿಲ್ಲ. ಗದ್ದೆಯ ಒತ್ತುವರಿ ಜಗಳದಲ್ಲೂ ಯಾರೂ ಇಷ್ಟು ನೋವಿನಿಂದ ದೂರು ಕೊಟ್ಟದ್ದನ್ನು ಅವನು ಕಂಡಿರಲಿಲ್ಲ.

“ಅಮ್ಮ, ಇದರಲ್ಲಿ ಕೊನೆಗೆ ಗೆಲ್ಲೋದು ಯಾರು?”

“ಗೆಲ್ಲಾದಾ?” ಚಲುವಮ್ಮ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. “ಇದೇನು ಚೌಕಾಬಾರ ಅಂದ್ಕಂಡ? ಗೆಲ್ಲಾಕಲ್ಲ ಕಣಪ್ಪ ಆಡಾದು. ಮುಂದಕ್ಕೇನಾಯ್ತದೆ ಅಂತ ನೋಡಾಕೆ.”

*

ಮಳವಳ್ಳಿಯಲ್ಲಿ ಬಸ್ಸು ಬದಲಿಸುವಾಗ ಪುಟ್ಟರಾಜು ಅಲ್ಲಿನ ಠಾಣೆಯಿಂದ ಸರ್ಕಲ್ ಇನ್ಸ್‌ಪೆಕ್ಟರರಿಗೆ ಫೋನು ಹಾಕಿದ. ಮೂರು ಸಲ ಲೈನು ತಪ್ಪಿತು. ನಾಲ್ಕನೆಯ ಸಲ ಸಿಕ್ಕಿತು. ಸಿಗದಿದ್ದರೇ ಚೆನ್ನಾಗಿತ್ತು.

“ಏನ್ರೀ ಪುಟ್ಟರಾಜು, ಎಲ್ಲಿ ಅಲೀತಾ ಇದೀರಿ? ಆ ಮೇಷ್ಟ್ರ ಫೈಲು ಸಾಯಂಕಾಲ ಐದು ಗಂಟೆಗೆ ಕ್ಲೋಸು. ಪೇದೆಗಳನ್ನ ವಾಪಸ್ ಕರಿಸಿ.”

“ಸಾರ್, ಇನ್ನೊಂದು ವಾರ...”

“ಯಾತಕ್ಕೆ? ಕತೆ ಬರೆದು ಪೋಸ್ಟ್ ಮಾಡ್ತಾ ಇರೋನು ಕಾಣೆಯಾದೋನು ಹೆಂಗಾಯ್ತಾನ್ರೀ? ಮೇಷ್ಟ್ರ ಕೈಬರಹದ ಪ್ರತಿ ಪೋಸ್ಟಲ್ಲಿ ಬಂತು ಅಂತ ಆ ಟೈಪಿಂಗ್ ಹುಡುಗನೇ ಹೇಳಿಕೆ ಕೊಟ್ಟಿಲ್ವಾ? ಮನುಷ್ಯ ಬದುಕವ್ನೆ, ತನ್ನಿಷ್ಟದಿಂದ ಹೋಗವ್ನೆ. ಮುಗೀತು.”

“ಸಾರ್, ಆ ಕತೆ ಮೇಷ್ಟ್ರು ಬರೆದದ್ದಲ್ಲ. ಅಂಬಿಗನಿಗೆ ಜ್ವರ ಬಂದಿಲ್ಲ.”



“ಯಾರಿಗೆ ಬಂದಿಲ್ಲ?”

“ಅಂಬಿಗನಿಗೆ ಸಾರ್. ದೋಣಿ ನಡೆಸೋನು. ಕತೆಯೊಳಗೆ.”

“ನಿಮಗೆ ಬಂದಿದೆ. ಮನೆಗೆ ಹೋಗಿ ಮಲಗಿ. ಐದು ಗಂಟೆ.” ಫೋನು ಕುಕ್ಕಿದ ಸದ್ದು.

ಅಲ್ಲಿದ್ದ ಕಾನ್‌ಸ್ಟೆಬಲ್ ಅಂಕಯ್ಯ ಗೋಡೆಯ ಕ್ಯಾಲೆಂಡರನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದ. ಪುಟ್ಟರಾಜುವಿನ ಮೈಯೆಲ್ಲ ಉರಿಯಿತು. ಅವನಿಗೆ ಗೊತ್ತಿತ್ತು. ಫೈಲು ಮುಚ್ಚಿದರೆ ಶಿಂಶೆಯ ದಂಡೆಯಲ್ಲಿ ಪೊದೆ ಪೊದೆ ತಡಕುತ್ತಿರುವ ನಾಲ್ವರು ಪೇದೆಗಳು ಮನೆಗೆ ಹೋಗುತ್ತಾರೆ. ಆಮೇಲೆ ಆ ಉಬ್ಬಸದ ಮುದುಕ ಎಲ್ಲಿ ಬಿದ್ದಿದ್ದರೂ ಹುಡುಕುವವರು ಇಲ್ಲ. ಮಂಡ್ಯದಲ್ಲಿ ಅವರ ಹೆಂಡತಿ ಗೋದಮ್ಮ ಮಾತ್ರ ಬಾಗಿಲಲ್ಲಿ ಕೂತಿರುತ್ತಾರೆ.

ಮದ್ದೂರಿನ ಬಸ್ಸು ಅರ್ಧ ದಾರಿಯಲ್ಲಿ ಪಂಕ್ಚರಾಯಿತು. ಆಗದೇ ಇರುತ್ತದೆಯೇ? ಡ್ರೈವರು ಜಾಕಿಗಾಗಿ ಎದುರು ಬರುವ ಗಾಡಿಗಳಿಗೆ ಕೈ ಅಡ್ಡ ಹಾಕುತ್ತಿದ್ದಾಗ, ಪುಟ್ಟರಾಜು ರಸ್ತೆಬದಿಯ ಹುಣಸೆಮರದ ಕೆಳಗೆ ಕೂತು ಆ ನಾಲ್ಕು ಹಾಳೆಗಳನ್ನು ಐದನೆಯ ಸಲ ಓದಿದ.

ಹಿಂದಿನ ಅಧ್ಯಾಯಗಳನ್ನೂ ಅವನು ಓದಿದ್ದ. ಬೇಡ ಬೇಡ ಎನ್ನುತ್ತಲೇ ಎರಡು ರಾತ್ರಿ ಬೆಳಗಾಗುವವರೆಗೆ ಓದಿ, ಹೆಂಡತಿಯಿಂದ ಬೈಸಿಕೊಂಡಿದ್ದ. ಅವುಗಳಲ್ಲಿ ಗೂಢಚಾರ ಕೋಟೆಗೆ ನುಗ್ಗಿದರೆ, ನುಗ್ಗುವ ಮುಂಚೆ ತಾಯಿಯ ಕಾಲು ಮುಟ್ಟಲಾಗದೆ ಹೊಸಿಲು ಮುಟ್ಟಿ ಹೋಗುತ್ತಿದ್ದ. ಈ ಅಧ್ಯಾಯದಲ್ಲಿ ಮುನ್ನೂರು ಕುದುರೆ, ನೂರಿಪ್ಪತ್ತು ಬಿಲ್ಲುಗಾರರು, ಎಂಟು ಆನೆ. ಎಲ್ಲರೂ ಎಲ್ಲಿಗೋ ಹೋಗುತ್ತಾರೆ. ಯಾಕೆ ಹೋಗುತ್ತಾರೋ ಹೇಳುವವರಿಲ್ಲ. ಇದು ತನಗೆ ಮೊದಲೇ ಯಾಕೆ ಕಾಣಲಿಲ್ಲ ಎಂದು ಪುಟ್ಟರಾಜು ತನ್ನನ್ನೇ ಬೈದುಕೊಂಡ.

ಅಂಬಿಗನನ್ನು ಎಬ್ಬಿಸಿದ್ದರಿಂದ ಯಾರಿಗೆ ಲಾಭ? ದಂಡನಾಯಕನಿಗೆ. ಒಂದು ವರ್ಷದಿಂದ ಹೊಳೆಯ ಈಚೆ ದಡದಲ್ಲಿ ಕುದುರೆ ಕಟ್ಟಿಕೊಂಡು ಕೂತಿದ್ದವನು ಅವನೇ. ಪ್ರತಿ ಸಲವೂ ಚಲುವಮ್ಮ “ಹೊಳೆ ತುಂಬಿದೆ, ಇವತ್ತು ಆಗಲ್ಲ” ಎಂದು ಕಾರ್ಡು ಬರೆದು ಅವನನ್ನು ಅಲ್ಲೇ ಕೂಡಿಸಿದ್ದರು.

ಪುಟ್ಟರಾಜು ಜೇಬಿನಿಂದ ಮೇಷ್ಟ್ರ ಮನೆಯಲ್ಲಿ ಸಿಕ್ಕ ಸಣ್ಣ ನೋಟುಪುಸ್ತಕ ತೆಗೆದ. ಪಾತ್ರಗಳ ಪಟ್ಟಿ ಮೊದಲ ಪುಟದಲ್ಲೇ ಇತ್ತು. ಹತ್ತು ದಿನದಿಂದ ಜೇಬಿನಲ್ಲೇ ಇಟ್ಟುಕೊಂಡು ತಿರುಗಿದ್ದ. ಯಾವ ಪಾತ್ರ ಯಾರದಾದರೆ ತನಗೇನು ಎಂದು ಸರಿಯಾಗಿ ನೋಡಿರಲಿಲ್ಲ.

ದಂಡನಾಯಕ: ಸಂಪತ್ ಕುಮಾರ, ಮದ್ದೂರು.

“ಅಯ್ಯೋ ನನ್ನ ಕರ್ಮವೇ,” ಎಂದ ಪುಟ್ಟರಾಜು, ಹುಣಸೆಮರಕ್ಕೆ.

*

ಯದುಗಿರಿ ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟ್ ಮದ್ದೂರಿನ ಪೇಟೆಬೀದಿಯ ಮಹಡಿಯ ಮೇಲಿತ್ತು. ಪುಟ್ಟರಾಜು ಮೆಟ್ಟಿಲು ಹತ್ತುವಾಗ ನಾಲ್ಕು ಹೊಡೆದು ಹತ್ತು ನಿಮಿಷ. ಒಳಗೆ ಐದಾರು ಹುಡುಗಿಯರು ಟೈಪು ಕುಟ್ಟುತ್ತಿದ್ದರು.

“ಇವತ್ತಿಗೆ ಪಾಠ ಮುಗೀತು, ಹೊರಡ್ರಮ್ಮ.”

ಸಂಪತ್ ಕುಮಾರ ಸೈಕ್ಲೋಸ್ಟೈಲ್ ಯಂತ್ರದ ಪಕ್ಕದಲ್ಲಿ ನಿಂತಿದ್ದ. ಇಪ್ಪತ್ತೆಂಟರ ಬಡಕಲು ಯುವಕ, ಬೆರಳ ತುದಿಯೆಲ್ಲ ಮಸಿ. “ಸಾರ್, ಇನ್ನೂ ಅರ್ಧ ಗಂಟೆ ಕ್ಲಾಸಿದೆ...”

“ಕೂತ್ಕೊಳ್ಳೋ ದಂಡನಾಯಕ.”

ಸಂಪತ್ತು ಕೂತ. ಕೂತ ರೀತಿಯಲ್ಲೇ ಅರ್ಧ ಉತ್ತರ ಇತ್ತು.

“ಮೇಷ್ಟ್ರ ಕೈಬರಹದ ಪ್ರತಿ ಪೋಸ್ಟಲ್ಲಿ ಬಂತು, ಸ್ಟೆನ್ಸಿಲ್ ಆದ ಮೇಲೆ ಹರಿದುಹಾಕ್ದೆ ಅಂದೆ. ಆಟದ ಕಾರ್ಡುಗಳು ಇದೇ ವಿಳಾಸಕ್ಕೆ ಬರ್ತವೆ. ಅವನ್ನೆಲ್ಲ ಮೇಷ್ಟ್ರು ಕಾಣೆಯಾಗೋಕೆ ಎರಡು ದಿನ ಮುಂಚೆ ಮಂಡ್ಯಕ್ಕೆ ಹೋಗಿ ಕೈಗೆ ಕೊಟ್ಟೆ ಅಂದೆ. ಹೌದೋ ಅಲ್ವೋ?”

“ಹೌದು ಸಾರ್.”

“ಆ ಡ್ರಾಯರ್ ತೆಗಿ.”

“ಅದರಲ್ಲಿ ಬರೀ ಕಾರ್ಬನ್ ಪೇಪರ್...”

“ತೆಗೀಯೋ!”

ಸಂಪತ್ತು ತೆಗೆಯಲಿಲ್ಲ. ಪುಟ್ಟರಾಜುವೇ ಎಳೆದ. ಕಾರ್ಬನ್ ಪೇಪರಿನ ಕೆಳಗೆ, ದಾರ ಸುತ್ತಿದ ಪೋಸ್ಟ್‌ಕಾರ್ಡುಗಳ ಕಟ್ಟು. ಎಣಿಸಿದ. ಹನ್ನೊಂದು. ಮೇಲಿನದೇ ದಂಡನಾಯಕನದು: “ಈ ಸಲ ಹೊಳೆ ದಾಟುತ್ತೇನೆ.” ಸಂಪತ್ ಕುಮಾರನೇ ಬರೆದು, ತನ್ನ ವಿಳಾಸಕ್ಕೆ ತಾನೇ ಅಂಚೆಗೆ ಹಾಕಿ, ಮುದ್ರೆ ಬಿದ್ದು ಬಂದ ಕಾರ್ಡು.

“ನಿನಗೆ ನೀನೇ ಕಾರ್ಡ್ ಹಾಕ್ಕೊಂಡ್ಯೇನಯ್ಯ?”

“ಪದ್ಧತಿ ಸಾರ್,” ಎಂದ ಸಂಪತ್ತು ನೆಲ ನೋಡುತ್ತ. “ಕಾರ್ಡಿಲ್ಲದೆ ಯಾರೂ ಕದಲಬಾರದು ಅಂತ.”

“ಅಂಬಿಗ ಕದಲಿದ್ನಲ್ಲ?”

ಸಂಪತ್ತು ಒಮ್ಮೆಲೇ ಸಿಡಿದ.

“ಮೂರು ವರ್ಷ ಸಾರ್! ಮೂರು ವರ್ಷದಿಂದ ಅವರ ಕತೆ ಸ್ಟೆನ್ಸಿಲ್ ಮೇಲೆ ಕೊರೆದು ಕೊರೆದು ಬೆರಳು ಸವೆಸಿದೀನಿ. ನಾನೇ ಎಷ್ಟು ಸಲ ಹೇಳಿದ್ದೆ. ಮೇಷ್ಟ್ರೇ, ಒಂದು ಲೆಕ್ಕ ಇರಲಿ, ಇಷ್ಟು ಕುದುರೆ ಇದ್ದೋನು ಗೆದ್ದ, ಇಲ್ಲದೋನು ಸೋತ, ಆಟ ಅಂದ್ರೆ ಹಾಗಿರಬೇಕು ಅಂತ. ಕೇಳ್ತಿರಲಿಲ್ಲ. ದಂಡನಾಯಕ ಯಾಕೆ ದಾಟಬೇಕು ಅಂತ ಮೊದಲು ಹೇಳು, ಆಮೇಲೆ ದೋಣಿ ಕೇಳು ಅಂತಿದ್ರು. ಕಾರ್ಡು ತಗೊಂಡು ಹೋಗೋಕೆ ಬರಬೇಕಿತ್ತು, ಆ ಶನಿವಾರ ಅವರು ಬರಲಿಲ್ಲ. ಸೋಮವಾರ ಅಧ್ಯಾಯ ಹೋಗಬೇಕಿತ್ತು, ಹೋಗಲಿಲ್ಲ. ಆಟ ನಿಂತೇ ಹೋಗುತ್ತೆ ಅನ್ನಿಸ್ತು. ನಾನೇ ಬರೆಯೋಣ ಅಂತ ಕೂತೆ.”

“ಬರೆದು, ಮೇಷ್ಟ್ರ ಹೆಸರು ಹಾಕ್ದೆ. ಪೊಲೀಸರಿಗೆ ಸುಳ್ಳು ಹೇಳ್ದೆ.”

“ಬರೆಯೋಕೆ ಬಂದಿದ್ರೆ ತಾನೆ ಸಾರ್! ಎರಡು ದಿನ ಈ ಕಾರ್ಡುಗಳನ್ನ ಮುಂದೆ ಹರಡ್ಕೊಂಡು ಕೂತಿದ್ದೆ. ಯಾರು ಎಲ್ಲಿಗೆ ಹೋದ್ರು ಅಂತ ಕಾರ್ಡಲ್ಲೇ ಇದೆ. ಆದ್ರೆ ಒಬ್ಬರ ಹೆಜ್ಜೆಗೂ ಇನ್ನೊಬ್ಬರ ಹೆಜ್ಜೆಗೂ ಸಂಬಂಧಾನೇ ಹುಟ್ಟಲಿಲ್ಲ. ಕೊನೆಗೆ ಕುದುರೆ ಎಣಿಸಿ ಪುಟ ತುಂಬಿಸ್ದೆ.” ಅವನ ಕಣ್ಣಲ್ಲಿ ನೀರು ಬಂತು. “ಮೇಷ್ಟ್ರು ವಾಪಸ್ ಬಂದು ಓದಿದ್ರೆ ಕಪಾಳಕ್ಕೆ ಹೊಡೀತಾರೆ. ಹೊಡೀಲಿ. ಬರಲಿ, ಬಂದು ಹೊಡೀಲಿ.”

ನಟನೆಯೇ? ಪುಟ್ಟರಾಜು ಅವನನ್ನೇ ದಿಟ್ಟಿಸಿದ. ಕಳ್ಳರು ಅಳುವುದನ್ನು ಅವನು ಬೇಕಾದಷ್ಟು ನೋಡಿದ್ದ. ಕಳ್ಳರು ತಮ್ಮ ಬರವಣಿಗೆ ಚೆನ್ನಾಗಿಲ್ಲವೆಂದು ಅತ್ತದ್ದನ್ನು ನೋಡಿರಲಿಲ್ಲ. ಅನುಮಾನ ಪೂರ್ತಿ ಹೋಗಲಿಲ್ಲ. ಆದರೆ ಗಂಟೆ ನಾಲ್ಕೂವರೆ ಆಗಿತ್ತು.

“ಇದನ್ನೆಲ್ಲ ಬರೆದು ಸಹಿ ಹಾಕು. ಅಧ್ಯಾಯ ಮೇಷ್ಟ್ರದಲ್ಲ, ನಂದು ಅಂತ. ಬೇಗ.”

ಸಂಪತ್ತು ಬರೆಯತೊಡಗಿದ. ಪುಟ್ಟರಾಜುವಿಗೆ ಹದಿನೇಳು ದಿನದಲ್ಲಿ ಮೊದಲ ಸಲ ಎದೆ ಹಗುರಾಯಿತು. ಈ ಒಂದು ಕಾಗದ ಸಾಕು. ಮೇಷ್ಟ್ರು ತಮ್ಮಿಷ್ಟದಿಂದ ಹೋಗಿದ್ದಾರೆ ಎನ್ನುವುದಕ್ಕೆ ಇದ್ದ ಒಂದೇ ಆಧಾರ ಬಿದ್ದುಹೋಯಿತು. ಫೈಲು ಇನ್ನು ಯಾವ ಸರ್ಕಲ್ಲಿನ ಅಪ್ಪನೂ ಮುಚ್ಚುವ ಹಾಗಿಲ್ಲ.

ಕಾಯುತ್ತ, ಕಾರ್ಡುಗಳನ್ನು ಒಂದೊಂದಾಗಿ ನೋಟುಪುಸ್ತಕದ ಪಟ್ಟಿಗೆ ತಾಳೆ ನೋಡಿದ. ಆಡುವವರು ಹನ್ನೊಂದು, ಚಲುವಮ್ಮ ಬರೆದಿಲ್ಲ. ಅಂದರೆ ಹತ್ತಿರಬೇಕು. ಒಂದು ಹೆಚ್ಚಾಗಿತ್ತು.

“ಇದು ಯಾರದು?” ಹೆಸರಿಲ್ಲ, ಊರಿಲ್ಲ. ದುಂಡಗಿನ ಅಕ್ಷರದಲ್ಲಿ ಎರಡೇ ಸಾಲು: “ಬುತ್ತಿ ಹೊತ್ತ ಹೆಂಗಸೊಬ್ಬಳು ಸಿರಿಪುರದ ಕೋಟೆ ಬಾಗಿಲಿಗೆ ಬಂದಿದ್ದಾಳೆ. ತನ್ನ ಗಂಡ ಎಲ್ಲಿ ಎಂದು ಕೇಳುತ್ತಿದ್ದಾಳೆ.”

“ಗೊತ್ತಿಲ್ಲ ಸಾರ್. ಮೇಷ್ಟ್ರು ಹೋದ ಮೇಲೆ ಬಂದದ್ದು. ಯಾರೋ ಹೊಸಬರು ಸೇರಿಕೊಂಡ್ರು ಅಂದ್ಕೊಂಡೆ. ಕಾರ್ಡು ಬಂದ ಮೇಲೆ ಉತ್ತರ ಕೊಡಬೇಕಲ್ಲ, ಏನೋ ಎರಡು ಸಾಲು ಸೇರಿಸ್ದೆ.”

ಪುಟ್ಟರಾಜು ಮೂರನೆಯ ಹಾಳೆ ತಿರುವಿದ. ಆ ಸಾಲನ್ನೂ ಅವನು ಐದು ಸಲ ಓದಿ ದಾಟಿಹೋಗಿದ್ದ. “ಕಾವಲುಗಾರ ಹೇಳಿದ: ತಾಯಿ, ನಿನ್ನ ಗಂಡ ಕ್ಷೇಮ. ಹೊಳೆದಂಡೆಯ ಕಲ್ಲುಮಂಟಪದಲ್ಲಿ ಬುತ್ತಿ ಇಟ್ಟು ತಿರುಗಿ ನೋಡದೆ ಹೋಗು. ಯಾರಿಗೂ ಹೇಳಬೇಡ.”

ಅಷ್ಟರಲ್ಲಿ ಮೆಟ್ಟಿಲ ಮೇಲೆ ಯಾರೋ ಏದುಸಿರು ಬಿಡುತ್ತ ಹತ್ತಿ ಬರುವ ಸದ್ದು.

ಬಾಗಿಲಲ್ಲಿ ಗೋದಮ್ಮ ನಿಂತಿದ್ದರು. ಮಂಡ್ಯದ ಮನೆಯ ಬಾಗಿಲಲ್ಲಿ ಕೂತಿದ್ದಾರೆಂದು ಪುಟ್ಟರಾಜು ಅಂದುಕೊಂಡಿದ್ದ ಅದೇ ಗೋದಮ್ಮ. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಪೋಸ್ಟ್‌ಕಾರ್ಡು. ಅವನನ್ನು ಕಂಡು ಕಾರ್ಡನ್ನು ಸೆರಗಿನೊಳಗೆ ಮುಚ್ಚಿಕೊಂಡರು.

“ನೀವೂ ಇಲ್ಲೇ ಇದೀರಾ? ನಾನು... ಸಂಪತ್ತುಗೆ ಇದೊಂದು ಕೊಟ್ಟು ಹೋಗೋಣ ಅಂತ. ಅಂಚೆಗೆ ಹಾಕಿದ್ರೆ ಎರಡು ದಿನ ಆಗುತ್ತೆ.”

ಪುಟ್ಟರಾಜು ಕೈ ಚಾಚಿದ. ಅವರು ಹಿಂಜರಿಯುತ್ತಲೇ ಕೊಟ್ಟರು. ಅದೇ ದುಂಡಗಿನ ಅಕ್ಷರ.

“ಅಮ್ಮ, ಇದು ನೀವು ಬರೆದದ್ದಾ?”

“ಬೈಬೇಡಿಪ್ಪ. ಯಾರಿಗೂ ಹೇಳಬೇಡ ಅಂದಿದ್ರು.” ಗೋದಮ್ಮ ಬೆಂಚಿನ ಮೇಲೆ ಕೂತರು. ಮುಖದಲ್ಲಿ ದಣಿವಿತ್ತು, ಆದರೆ ಹದಿನೇಳು ದಿನದಲ್ಲಿ ಪುಟ್ಟರಾಜು ಕಾಣದ ಒಂದು ನೆಮ್ಮದಿಯೂ ಇತ್ತು. “ನಮ್ಮನೆಯವರು ಎಲ್ಲಿದ್ರೂ ನನ್ನ ಕಾಗದ ಓದ್ತಾರೋ ಇಲ್ವೋ, ಆಟದ ಕಾರ್ಡು ಓದದೆ ಇರಲ್ಲ. ಅದಕ್ಕೇ ಅದರಲ್ಲೇ ಕೇಳಿದೆ. ಮನೆಗೆ ಬರೋ ಪ್ರತೀಲಿ ಉತ್ತರ ಬಂತು. ಕತೇಲಿ ಬರೋ ಕಲ್ಲುಮಂಟಪ ಅಂದ್ರೆ ಇಲ್ಲೇ ಶಿಂಶೆ ದಂಡೇಲಿರೋದು, ಅವರೇ ಒಂದು ಸಲ ತೋರಿಸಿದ್ರು. ಗುರುವಾರದಿಂದ ದಿನಾ ಮಧ್ಯಾಹ್ನ ಊಟ ತಂದು ಇಟ್ಟು ಹೋಗ್ತಿದೀನಿ.”

ಸಂಪತ್ತಿನ ಪೆನ್ನು ನಿಂತಿತು.

“ಊಟ... ಏನಾಗುತ್ತೆ ಅಮ್ಮ?” ಎಂದು ಪುಟ್ಟರಾಜು ಕೇಳಿದ.

“ಏನಾಗೋದೇನು, ಉಣ್ತಾರೆ! ಒಂದಗುಳೂ ಬಿಟ್ಟಿಲ್ಲ. ಎರಡು ಕ್ಯಾರಿಯರ್ ಇಟ್ಕೊಂಡಿದೀನಿ, ಇವತ್ತಿಂದು ಇಟ್ಟು ನಿನ್ನೇದು ತರ್ತೀನಿ. ಇವತ್ತು ಅನ್ನದ ಡಬ್ಬಿ ಮೇಲೆ ಮನೆ ಬೀಗದ ಕೈನೂ ಕಟ್ಟಿ ಇಟ್ಟೆ. ಯಾವ ಬೇಜಾರಿಗೆ ಹೋದ್ರೋ, ಕೇಳಲ್ಲ. ನಾನು ಮಲಗಿದ್ದಾಗಲಾದ್ರೂ ತೆಕ್ಕೊಂಡು ಒಳಗೆ ಬರಲಿ.”

ಪುಟ್ಟರಾಜು ಸಂಪತ್ತಿನ ಅರ್ಧ ಬರೆದ ಹೇಳಿಕೆಯನ್ನು ನೋಡಿದ. ಈ ಹೆಂಗಸಿನ ಗಂಡನನ್ನು ಹುಡುಕುವ ಹಟದಲ್ಲಿ, ಗಂಡ ಬದುಕಿದ್ದಾನೆ ಎನ್ನುವುದಕ್ಕೆ ಅವಳಿಗಿದ್ದ ಒಂದೇ ಗುರುತನ್ನು ತಾನೇ ಈಗಷ್ಟೇ ಹೊಸಕಿ ಹಾಕಿದ್ದ. ತನ್ನ ಗೆಲುವಿನ ಮೇಲೆ ಅವನಿಗೆ ಅಸಹ್ಯ ಹುಟ್ಟಿತು.

ಸಂಪತ್ತೇ ಬಾಯಿ ಬಿಟ್ಟ. “ಮಾಮಿ... ಆ ಸಾಲು ಮಾಮ ಬರೆದದ್ದಲ್ಲ. ನಾನು ಬರೆದೆ. ಸುಮ್ಮನೆ, ಪುಟ ತುಂಬಿಸೋಕೆ. ಮಾಮ ಎಲ್ಲಿದಾರೆ ಅಂತ ನನಗೆ ಗೊತ್ತಿಲ್ಲ ಮಾಮಿ.”

ಗೋದಮ್ಮ ಅವನನ್ನು ನೋಡಿದರು. ಪುಟ್ಟರಾಜುವನ್ನು ನೋಡಿದರು. ಅಳಲಿಲ್ಲ. ಚೀಲದಿಂದ ನಿನ್ನೆಯ ಕ್ಯಾರಿಯರ್ ತೆಗೆದು ಮಡಿಲಲ್ಲಿಟ್ಟುಕೊಂಡರು. ಹಿತ್ತಾಳೆಯ ಮೂರಂತಸ್ತಿನದು. ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ತೊಳೆದದ್ದು, ಕಿಟಕಿಯ ಬೆಳಕಿಗೆ ಫಳಫಳ ಹೊಳೆಯುತ್ತಿತ್ತು.

“ದಿನಾ ಹೀಗೇ ತೊಳೆದಿಟ್ಟಿರ್ತಾರೆ,” ಎಂದರು ಮೆಲ್ಲಗೆ, ತಮಗೆ ತಾವೇ ಹೇಳಿಕೊಳ್ಳುವಂತೆ. “ಪಶ್ಚಾತ್ತಾಪ ಬಂದಿರಬೇಕು ಅಂದ್ಕೊಂಡೆ. ಮೂವತ್ತಾರು ವರ್ಷದಲ್ಲಿ ಅವರು ಉಂಡ ತಟ್ಟೇನ ಒಂದು ದಿನವೂ ಎತ್ತಿಟ್ಟವರಲ್ಲ.”

ಡಬ್ಬಿಯ ಮೇಲಿದ್ದ ಬೆರಳುಗಳು ಸರಕ್ಕನೆ ಹಿಂದೆ ಸರಿದವು.

“ಇನ್ಸ್‌ಪೆಕ್ಟ್ರೇ, ನನ್ನ ಮನೆ ಬೀಗದ ಕೈ ಯಾರ ಹತ್ರ ಇದೆ?”